ಬಸ್ ಶೆಲ್ಟರ್ ಮೇಲೆ ನಿಮ್ಮ ಹೆಸರಿದೆ, ಕಾನೂನಿನ ಪಕ್ಕ ಯಾಕಿಲ್ಲ? ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕದಿಂದ ಆರಿಸಿ ಹೋಗಿರೋ 28 ಜನ ಲೋಕಸಭಾ ಸದಸ್ಯರಿಗೆ ಮತ್ತು 12 ಜನ ರಾಜ್ಯಸಭಾ ಸದಸ್ಯರಿಗೆ

ವಿಷಯ: ಅಧಿವೇಶನದಲ್ಲಿ ನೀವು ಯಾವ ಮಸೂದೆಗೆ ಒಪ್ಪಿಗೆ ಕೊಟ್ರಿ, ಯಾವುದಕ್ಕೆ ಕೊಡ್ಲಿಲ್ಲ ಅನ್ನೋದನ್ನ ಹೆಸರು ಸಮೇತ, ಕನ್ನಡದಲ್ಲಿ, ಮತದಾರರಿಗೆ ತಿಳಿಸೋ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನೊಬ್ಬ ಸಾಮಾನ್ಯ ಮತದಾರ, ಯಾವ ಪಾರ್ಟಿ ಮೆಂಬರೂ ಅಲ್ಲ, ಒಂದ್ಸಲ ಈ ಪಕ್ಷಕ್ಕೆ ಇನ್ನೊಂದ್ಸಲ ಆ ಪಕ್ಷಕ್ಕೆ ವೋಟ್ ಹಾಕಿದೀನಿ. ಹನ್ನೊಂದು ವರ್ಷ ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿ ಆಗಿದ್ದೆ. ಆ ಹನ್ನೊಂದು ವರ್ಷದಲ್ಲಿ ಹಾಲಿನ ಲೆಕ್ಕ ಬಿಟ್ರೆ ನಾನು ಜಾಸ್ತಿ ಬರೆದಿದ್ದು ನಡಾವಳಿ ಪುಸ್ತಕ. ಸಂಘಕ್ಕೆ ಒಂದು ಫ್ಯಾಟ್ ಟೆಸ್ಟಿಂಗ್ ಮಿಷಿನ್ ತಗೋಬೇಕು ಅಂದ್ರೂ ಸಭೆ ಕರೀಬೇಕು, ಬಂದವರ ಸಹಿ ತಗೋಬೇಕು, ಠರಾವು ಬರೀಬೇಕು, ಅದರ ಕೆಳಗೆ ಸೂಚಕರು ಇಂಥವರು ಅನುಮೋದಕರು ಇಂಥವರು ಅಂತ ಹೆಸರು ಹಾಕ್ಬೇಕು. ಒಪ್ಪಿಗೆ ಇಲ್ಲದವರು ಎದ್ದು ನಿಂತು "ನಂದು ವಿರೋಧ ಇದೆ ಅಂತ ಬರ್ಕೊಳ್ಳಿ" ಅಂದ್ರೆ ಅದನ್ನೂ ಬರೀತಿದ್ದೆ. ಆಮೇಲೆ ಆ ಮಿಷಿನ್ ಕೆಟ್ಟು ಹೋಯ್ತು ಅಂದ್ರೆ ಊರವರು ಬಂದು ಪುಸ್ತಕ ತೆಗಿಸಿ ಯಾರು ಇದನ್ನ ತರ್ಸಿದ್ದು ಅಂತ ನೋಡ್ತಿದ್ರು, ನೋಡೋ ಹಕ್ಕು ಅವರಿಗಿತ್ತು, ತೋರಿಸೋ ಕೆಲಸ ನಂದಾಗಿತ್ತು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನೂರಿಪ್ಪತ್ತು ಜನ ಹಾಲು ಹಾಕೋ ಸಂಘದಲ್ಲಿ ಇರೋ ಈ ವ್ಯವಸ್ಥೆ ದೇಶದ ಸಂಸತ್ತಿನಲ್ಲಿ ಹೆಚ್ಚಿನ ಮಸೂದೆಗಳಿಗೆ ಇಲ್ಲ ಅನ್ನೋದು ನನಗೆ ಗೊತ್ತಾಗಿದ್ದು ತೀರಾ ಈಚೆಗೆ. ಗೊತ್ತಾದ ಮೇಲೆ ಸುಮ್ಮನೆ ಇರೋಕೆ ಆಗ್ಲಿಲ್ಲ, ಅದಕ್ಕೇ ಈ ಪತ್ರ.

2023ರ ಜುಲೈ 26ಕ್ಕೆ ಲೋಕಸಭೆಯಲ್ಲಿ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ ಪಾಸಾಯ್ತು. ಒಂದು ವಾರ ಬಿಟ್ಟು ಆಗಸ್ಟ್ 2ಕ್ಕೆ ರಾಜ್ಯಸಭೆಯಲ್ಲೂ ಆಯ್ತು. ಮಲೆನಾಡು, ಪಶ್ಚಿಮ ಘಟ್ಟದ ಕಡೆಯವರಿಗೆ ಇದು ದೂರದ ಸುದ್ದಿ ಅಲ್ಲ. ಕಾನೂನಿನ ಪ್ರಕಾರ ಅರಣ್ಯ ಅಂತ ಘೋಷಣೆ ಆಗಿರೋ ಇಲ್ಲಾ 1980ರ ಅಕ್ಟೋಬರ್ 25ರಿಂದ ಈಚೆಗೆ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ನಮೂದಾಗಿರೋ ಜಾಗಕ್ಕೆ ಮಾತ್ರ ಈ ಕಾಯ್ದೆ ಅನ್ವಯ ಅಂತ ಅದರಲ್ಲಿ ಬಂತು. 1996ರಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಕೇಸಲ್ಲಿ, ದಾಖಲೆಯಲ್ಲಿ ಏನೇ ಇರ್ಲಿ, ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸ್ಕೊಳ್ಳೋದೆಲ್ಲಾ ಕಾಡೇ ಅಂತ ಹೇಳಿತ್ತು. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಕಾನು, ಸೊಪ್ಪಿನ ಬೆಟ್ಟ, ಡೀಮ್ಡ್ ಫಾರೆಸ್ಟು (ಘೋಷಣೆ ಆಗದಿದ್ರೂ ಅರಣ್ಯ ಅಂತ ಪರಿಗಣಿಸಿರೋ ಜಾಗ) ಅಂತ ನಾವು ದಿನಾ ಜಗಳ ಆಡೋ ಜಾಗಗಳ ಹಣೆಬರಹ ಇದರ ಮೇಲೆ ನಿಂತಿದೆ. ನಮ್ಮಲ್ಲೇ ಇದಕ್ಕೆ ಎರಡು ಮಾತಿದೆ, ಡೀಮ್ಡ್ ಫಾರೆಸ್ಟಿಂದ ಜಮೀನು ಬಿಡುಗಡೆ ಆದ್ರೆ ಸಾಕಪ್ಪಾ ಅನ್ನೋ ರೈತರಿದ್ದಾರೆ, ಕಾಡು ಹೋದ್ರೆ ಹಳ್ಳದ ನೀರೂ ಹೋಗುತ್ತೆ ಅನ್ನೋರಿದ್ದಾರೆ, ಇಬ್ಬರ ಮಾತಲ್ಲೂ ಸತ್ಯ ಇದೆ. ನಾನು ಎರಡನೇ ಕಡೆಯವನು. ಆದ್ರೆ ನನ್ನ ಪ್ರಶ್ನೆ ಕಾಯ್ದೆ ಸರಿಯೋ ತಪ್ಪೋ ಅಂತ ಅಲ್ಲ. ನಮ್ಮ ಎಂಪಿ ಇದಕ್ಕೆ ಹೂಂ ಅಂದ್ರಾ, ಊಹೂಂ ಅಂದ್ರಾ, ಆವತ್ತು ಸದನದಲ್ಲಿ ಇದ್ರಾ? ಇಷ್ಟೇ.

ಆ ಆಗಸ್ಟ್‌ನಲ್ಲಿ ನಮ್ಮ ಸಂಸದರ ಆಫೀಸಿಗೆ ಹೋಗಿದ್ದೆ. ಯಾರು ಅಂತ ಹೇಳಲ್ಲ, ಯಾಕಂದ್ರೆ ಬೇರೆ ಕ್ಷೇತ್ರದ ಗೆಳೆಯರನ್ನ ಕೇಳಿದಾಗ ಅವರದ್ದೂ ಇದೇ ಕಥೆ, ಒಬ್ಬರ ಮೇಲೆ ಹಾಕೋದು ನ್ಯಾಯ ಅಲ್ಲ. ಅಲ್ಲಿದ್ದ ಹುಡುಗ ಒಳ್ಳೇವನು, ಕೂರಿಸಿ ಕಾಫಿ ಕೊಟ್ಟ. ಪ್ರಶ್ನೆ ಕೇಳಿದ್ದಕ್ಕೆ "ಅದೆಲ್ಲಾ ಪಾರ್ಟಿ ಡಿಸಿಷನ್ ಸಾರ್, ವಾಯ್ಸ್ ವೋಟಲ್ಲಿ ಪಾಸಾಗಿದೆ, ನಿಮಗೆ ಏನ್ ಕೆಲಸ ಆಗ್ಬೇಕಿತ್ತು ಹೇಳಿ" ಅಂದ. ನನಗೆ ಇದೇ ಕೆಲಸ ಆಗ್ಬೇಕಿತ್ತು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಒಳಗಿಂದ ಒಂದು ಪುಸ್ತಕ ತಂದು ಕೊಟ್ಟ, ಸಾಹೇಬರ ಸಾಧನೆಗಳು ಅಂತ, ಕಲರ್ ಪ್ರಿಂಟು. ಮನೆಗೆ ಬಂದು ಮೊದಲ ಪುಟದಿಂದ ಕೊನೆ ಪುಟದ ತನಕ ಓದಿದೆ. ಬಸ್ ಶೆಲ್ಟರು, ಹೈಮಾಸ್ಟ್ ದೀಪ, ಸಮುದಾಯ ಭವನ, ಕುಡಿಯೋ ನೀರಿನ ಘಟಕ, ಅಂಗನವಾಡಿ ಕಟ್ಟಡ, ಎಲ್ಲದಕ್ಕೂ ಫೋಟೋ, ಎಲ್ಲದಕ್ಕೂ ಎಷ್ಟು ಲಕ್ಷ ಅಂತ ಲೆಕ್ಕ. ಒಂದೇ ಒಂದು ಮಸೂದೆ ಹೆಸರು ಆ ಪುಸ್ತಕದಲ್ಲಿ ಇರ್ಲಿಲ್ಲ.

ಬಸ್ ಶೆಲ್ಟರ್ ಬೇಡ ಅಂತ ನಾನು ಹೇಳ್ತಿಲ್ಲ, ಮಳೆಗಾಲದಲ್ಲಿ ಕಾಲೇಜು ಹುಡುಗೀರು ಅದರ ಕೆಳಗೇ ನಿಂತ್ಕೊಳ್ಳೋದು. ಆದ್ರೆ ಸಂಸದರ ಪ್ರದೇಶಾಭಿವೃದ್ಧಿ ನಿಧಿ ಶುರುವಾಗಿದ್ದೇ 1993ರಲ್ಲಿ. ಅದಕ್ಕಿಂತ ನಲವತ್ತು ವರ್ಷ ಮುಂಚೆಯಿಂದ ಈ ದೇಶದಲ್ಲಿ ಸಂಸದರಿದ್ರು, ಅವರ ಕೆಲಸ ಕಾನೂನು ಮಾಡೋದು, ಸರ್ಕಾರವನ್ನ ಪ್ರಶ್ನೆ ಮಾಡೋದು, ಬಜೆಟ್ಟಿಗೆ ಒಪ್ಪಿಗೆ ಕೊಡೋದು ಆಗಿತ್ತು. ಈಗಲೂ ಸಂವಿಧಾನದ ಪ್ರಕಾರ ನಿಮ್ಮ ಕೆಲಸ ಅದೇ. ವರ್ಷಕ್ಕೆ 5 ಕೋಟಿಯ ಆ ನಿಧಿಯಿಂದ ಆದ ಕಾಮಗಾರಿಗೆಲ್ಲಾ ನಿಮ್ಮ ಹೆಸರಿನ ಬೋರ್ಡ್ ಇರುತ್ತೆ. 140 ಕೋಟಿ ಜನರ ಮೇಲೆ ಜಾರಿ ಆಗೋ ಕಾನೂನಿಗೆ ನೀವು ಕೈ ಎತ್ತಿದ್ರೋ ಇಲ್ವೋ ಅನ್ನೋದಕ್ಕೆ ಎಲ್ಲೂ ಬೋರ್ಡ್ ಇಲ್ಲ.

ಆಮೇಲೆ ನಾನೇ ಮಗನನ್ನ ಕೂರಿಸ್ಕೊಂಡು ಸಂಸತ್ತಿನ ವೆಬ್‌ಸೈಟಲ್ಲಿ ನಡಾವಳಿ ಹುಡುಕ್ದೆ. ಚರ್ಚೆ ಪೂರ್ತಿ ಇದೆ, ಯಾರು ಏನು ಮಾತಾಡಿದ್ರು ಅನ್ನೋದಿದೆ, ಗದ್ದಲ ಆದ್ರೆ ಗದ್ದಲ ಅಂತನೂ ಬರೆದಿದ್ದಾರೆ. ಕೊನೆಗೆ ಬರೋದು ಪ್ರಸ್ತಾವ ಅಂಗೀಕಾರ ಆಯ್ತು ಅಂತ ಒಂದೇ ಸಾಲು. ಟಿವಿಯಲ್ಲಿ ನಾವೆಲ್ಲಾ ನೋಡಿದ್ದೀವಿ, ಸಭಾಧ್ಯಕ್ಷರು ಒಪ್ಪೋರು ಹೌದು ಅನ್ನಿ ಅಂತಾರೆ, ಒಂದಷ್ಟು ದನಿ ಕೇಳುತ್ತೆ, ಒಪ್ಪದೇ ಇರೋರು ಇಲ್ಲ ಅನ್ನಿ ಅಂತಾರೆ, ಇನ್ನೊಂದಷ್ಟು ದನಿ ಕೇಳುತ್ತೆ, ಹೌದು ಅಂದೋರು ಗೆದ್ರು ಅಂತ ಹೇಳಿ ಮುಂದಿನ ವಿಷಯಕ್ಕೆ ಹೋಗ್ತಾರೆ. ಇದೇ ಧ್ವನಿಮತ, ಆ ಹುಡುಗ ಹೇಳಿದ ವಾಯ್ಸ್ ವೋಟು. ಆ ದನಿಯಲ್ಲಿ ನಿಮ್ಮದು ಯಾವುದು ಅಂತ ಯಾವ ಪುಸ್ತಕದಲ್ಲೂ ಉಳಿಯಲ್ಲ.

ಹಂಗಂತ ಹೆಸರು ದಾಖಲೆ ಮಾಡೋ ದಾರಿ ಇಲ್ಲ ಅಂತ ಅಲ್ಲ. ಒಬ್ಬ ಸದಸ್ಯ ಎದ್ದು ಮತ ವಿಭಜನೆ, ಅಂದ್ರೆ ಡಿವಿಷನ್ ಬೇಕು ಅಂತ ಕೇಳಬಹುದು. ಲೋಕಸಭೆಯ 367ನೇ ನಿಯಮದಲ್ಲೇ ಇದೆ. ಮೂರೂವರೆ ನಿಮಿಷ ಗಂಟೆ ಬಾರಿಸ್ತಾರೆ, ಲಾಬಿ ಖಾಲಿ ಮಾಡಿಸ್ತಾರೆ, ಸದಸ್ಯರು ತಮ್ಮ ಸೀಟಲ್ಲಿ ಬಟನ್ ಒತ್ತುತಾರೆ, ಯಾರು ಯಾವ ಕಡೆ ಅನ್ನೋದು ಹೆಸರು ಸಮೇತ ನಡಾವಳಿಗೆ ಹೋಗುತ್ತೆ. ಕೇಳಿದ ಕೂಡಲೇ ಕೊಟ್ಟೇ ಕೊಡ್ತಾರೆ ಅಂತಲೂ ಇಲ್ಲ, ಅನಗತ್ಯವಾಗಿ ಕೇಳ್ತಿದ್ದಾರೆ ಅಂತ ಸ್ಪೀಕರ್‌ಗೆ ಅನ್ನಿಸಿದ್ರೆ ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು, ಆಗ ಹೆಸರು ದಾಖಲೆ ಆಗಲ್ಲ. ಆದ್ರೂ ಕೇಳೋಕೆ ಏನು ಕಷ್ಟ?

ಸಂವಿಧಾನ ತಿದ್ದುಪಡಿ ಮಸೂದೆಗೆ ಮಾತ್ರ ಧ್ವನಿಮತ ಸಾಕಾಗಲ್ಲ. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮತ್ತೆ ಹಾಜರಿದ್ದು ವೋಟ್ ಮಾಡಿದವರಲ್ಲಿ ಮೂರನೇ ಎರಡು ಭಾಗ ಬೇಕು ಅಂತ 368ನೇ ವಿಧಿ ಹೇಳುತ್ತೆ, ಹಂಗಾಗಿ ಎಣಿಸಲೇಬೇಕು. 2023ರ ಸೆಪ್ಟೆಂಬರ್ 20ಕ್ಕೆ ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454 ವೋಟಿಂದ ಪಾಸಾಯ್ತು, ವಿರೋಧ 2. ಆ ಇಬ್ಬರು ಯಾರು ಅಂತ ಇಡೀ ದೇಶಕ್ಕೆ ಗೊತ್ತು, ಅವರೂ ಯಾಕೆ ವಿರೋಧ ಮಾಡಿದ್ವಿ ಅಂತ ಎದುರಿಗೆ ನಿಂತು ಹೇಳಿದ್ರು. ಮಾರನೇ ದಿನ ರಾಜ್ಯಸಭೆಯಲ್ಲಿ 214ಕ್ಕೆ ಸೊನ್ನೆ. ಈ ಮಸೂದೆಯ ಮೊದಲ ರೂಪ ಸಂಸತ್ತಿಗೆ ಬಂದಿದ್ದು 1996ರ ಸೆಪ್ಟೆಂಬರ್‌ನಲ್ಲಿ, ನಮ್ಮ ದೇವೇಗೌಡರು ಪ್ರಧಾನಿ ಆಗಿದ್ದಾಗ. ಇಪ್ಪತ್ತೇಳು ವರ್ಷ ಅದು ಹೆಂಗೆ ಓಡಾಡ್ತು, 2010ರಲ್ಲಿ ರಾಜ್ಯಸಭೆಯಲ್ಲಿ 186-1ರಲ್ಲಿ ಪಾಸಾಗಿ ಲೋಕಸಭೆಯಲ್ಲಿ ಹೆಂಗೆ ನಿಂತೋಯ್ತು ಅನ್ನೋದನ್ನೆಲ್ಲಾ ನಾನು ಹಳೇ ಪೇಪರ್ ನೋಡಿ ಹೇಳಬಲ್ಲೆ, ಯಾಕಂದ್ರೆ ಲೆಕ್ಕ ಇದೆ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೂ ಎಣಿಸಿದ್ರು, ಮಧ್ಯರಾತ್ರಿ ದಾಟಿ ಆಗಿತ್ತು, 288 ಪರ 232 ವಿರೋಧ. ಪರ ಇದ್ದೋರೂ ವಿರೋಧ ಇದ್ದೋರೂ ಮಾರನೇ ದಿನ ತಮ್ಮ ತಮ್ಮ ಕ್ಷೇತ್ರದಲ್ಲಿ ಧೈರ್ಯವಾಗಿ ಹೇಳ್ಕೊಂಡ್ರು. ರಾತ್ರಿ ಎರಡು ಗಂಟೆ ಹೊತ್ತಿಗೆ ಎಣಿಸೋಕೆ ಟೈಮ್ ಇತ್ತು ಅಂದ್ರೆ ಮಧ್ಯಾಹ್ನ ಮೂರು ಗಂಟೆಗೆ ಯಾಕಿಲ್ಲ.

ಎಣಿಸದೇ ಇದ್ದಾಗ ಏನಾಗುತ್ತೆ ಅನ್ನೋದಕ್ಕೆ ನನಗೆ ತುಂಬಾ ನೋವು ಕೊಟ್ಟ ಉದಾಹರಣೆ ಕೃಷಿ ಕಾಯ್ದೆಗಳು. 2020ರ ಸೆಪ್ಟೆಂಬರ್ 20, ಭಾನುವಾರ, ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಬಂದ್ವು. ವಿರೋಧ ಪಕ್ಷದವರು ಡಿವಿಷನ್ ಕೇಳಿದ್ರು, ಸದಸ್ಯರು ತಮ್ಮ ಸೀಟಲ್ಲಿ ಇದ್ದು ಕೇಳ್ಬೇಕು ಅಂತ ಪೀಠ ಹೇಳ್ತು, ಗಲಾಟೆ ಆಯ್ತು, ಅದರ ಮಧ್ಯೆನೇ ಧ್ವನಿಮತದಲ್ಲಿ ಪಾಸಾಯ್ತು. ಮಾರನೇ ದಿನ ಎಂಟು ಜನ ಸದಸ್ಯರು ಸಸ್ಪೆಂಡ್ ಆದ್ರು. ಸೀಟಲ್ಲಿ ಇದ್ರು ಅನ್ನೋರು, ಇರ್ಲಿಲ್ಲ ಅನ್ನೋರು, ಆ ವಾದ ಇವತ್ತಿಗೂ ಮುಗಿದಿಲ್ಲ. ಆಮೇಲೆ ಆಗಿದ್ದು ನಮ್ಮ ಕಣ್ಣೆದುರಿಗೆ ಇದೆ, ರೈತರು ದೆಹಲಿ ಗಡಿಯಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಕೂತ್ರು, ಚಳಿ ಮಳೆ ಬಿಸಿಲು ಎಲ್ಲಾ ತಡ್ಕೊಂಡ್ರು, ಎಷ್ಟೋ ಜನ ಅಲ್ಲೇ ತೀರ್ಕೊಂಡ್ರು. ಕೊನೆಗೆ 2021ರ ನವೆಂಬರ್ 29ಕ್ಕೆ ಆ ಕಾಯ್ದೆಗಳನ್ನ ವಾಪಸ್ ತಗೊಳ್ಳೋ ಮಸೂದೆ ಒಂದೇ ದಿನ ಎರಡೂ ಸದನದಲ್ಲಿ ಪಾಸಾಯ್ತು, ಲೋಕಸಭೆಯಲ್ಲಿ ನಾಲ್ಕು ನಿಮಿಷನೂ ಚರ್ಚೆ ಮಾಡ್ಲಿಲ್ಲ. ಅದೂ ಧ್ವನಿಮತ. ಮಾಡಿದ್ದಕ್ಕೂ ಹೆಸರಿಲ್ಲ, ತೆಗೆದಿದ್ದಕ್ಕೂ ಹೆಸರಿಲ್ಲ. ಒಬ್ಬ ರೈತ ತನ್ನ ಎಂಪಿ ಹತ್ರ ಹೋಗಿ "ನೀವು ಆವಾಗ ಯಾಕೆ ಹೂಂ ಅಂದ್ರಿ, ಈವಾಗ ಯಾಕೆ ಬೇಡ ಅಂದ್ರಿ" ಅಂತ ಕೇಳೋಕೆ ಕೈಯಲ್ಲಿ ಒಂದು ಚೀಟಿ ಕಾಗದ ಇಲ್ಲ. ಕಾಯ್ದೆ ಬೇಕು ಅನ್ನೋ ರೈತರೂ ಇದ್ರಲ್ಲ, ವಾಪಸ್ ತಗೊಂಡಿದ್ದು ಯಾಕೆ ಅಂತ ಅವರಿಗೂ ಉತ್ತರ ಸಿಕ್ಕಿಲ್ಲ.

ಇದು ಈಗಿನ ಸರ್ಕಾರ ಒಂದೇ ಮಾಡಿದ್ದು ಅಂತ ದಯವಿಟ್ಟು ಯಾರೂ ತಿಳ್ಕೋಬೇಡಿ. 2014ರ ಫೆಬ್ರವರಿ 18ಕ್ಕೆ ಆಂಧ್ರ ಪ್ರದೇಶವನ್ನ ಎರಡು ಮಾಡೋ ಮಸೂದೆ ಲೋಕಸಭೆಯಲ್ಲಿ ಧ್ವನಿಮತದಲ್ಲೇ ಪಾಸಾಯ್ತು, ಆವತ್ತು ಟಿವಿ ಲೈವ್ ಕೂಡಾ ನಿಂತೋಗಿತ್ತು. ಆವಾಗ ಸರ್ಕಾರ ಬೇರೆ. ಒಂದು ರಾಜ್ಯ ಎರಡಾಗೋವಾಗ ಯಾರು ಯಾವ ಕಡೆ ಇದ್ರು ಅಂತ ಬರ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಇನ್ನು ಯಾವುದಕ್ಕೆ ಬರ್ಕೋತೀರಾ. ಅಧಿಕಾರದಲ್ಲಿದ್ದಾಗ ಧ್ವನಿಮತ ಚೆನ್ನಾಗಿ ಕಾಣುತ್ತೆ, ಆ ಕಡೆ ಹೋದಾಗ ಡಿವಿಷನ್ ನೆನಪಾಗುತ್ತೆ, ಹಂಗಾಗಿ ಇದು ಎಲ್ಲಾ 40 ಜನಕ್ಕೂ ಬರೆದ ಪತ್ರ.

ಇನ್ನೊಂದು ವಿಷಯ ನೇರವಾಗಿ ನನಗೆ ತಟ್ಟಿದ್ದು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಮಸೂದೆ ಪಾಸ್ ಮಾಡಿದ್ರಿ, 7ಕ್ಕೆ ಲೋಕಸಭೆ, 9ಕ್ಕೆ ರಾಜ್ಯಸಭೆ, ಎರಡರಲ್ಲೂ ಧ್ವನಿಮತ. ನಮ್ಮ ಫೋನ್ ನಂಬರು, ಆಧಾರ್ ಮಾಹಿತಿ ಎಲ್ಲಾ ಕಾಪಾಡೋಕೆ ಅಂತ ಹೇಳಿದ್ರು, ಒಳ್ಳೇದೇ. ಆದ್ರೆ ಅದರೊಳಗೆ 44ನೇ ಸೆಕ್ಷನ್ನಲ್ಲಿ ಮಾಹಿತಿ ಹಕ್ಕು ಕಾಯ್ದೆಯ ತಿದ್ದುಪಡಿನೂ ಇತ್ತು. ಮುಂಚೆ ಏನಿತ್ತು ಅಂದ್ರೆ, ವೈಯಕ್ತಿಕ ಮಾಹಿತಿ ಆದ್ರೂ ಅದಕ್ಕೆ ಸಾರ್ವಜನಿಕ ಕೆಲಸದ ಸಂಬಂಧ ಇದ್ರೆ, ಸಾರ್ವಜನಿಕ ಹಿತ ದೊಡ್ಡದು ಅಂತ ಕಂಡ್ರೆ ಅಧಿಕಾರಿ ಕೊಡ್ಬೇಕಿತ್ತು. ಆ ಮಾತುಗಳನ್ನೆಲ್ಲಾ ತೆಗೆದು ವೈಯಕ್ತಿಕ ಮಾಹಿತಿ ಅಂದ್ರೆ ಕೊಡೋಹಂಗಿಲ್ಲ ಅಂತ ಮಾಡಿದ್ರು. ಸಾರ್ವಜನಿಕ ಹಿತದ ಇನ್ನೊಂದು ಕಲಮು ಉಳಿದಿದೆ ಅಂತ ಹೇಳ್ತಾರೆ, ಇದೆ, ಆದ್ರೆ ತಾಲ್ಲೂಕು ಆಫೀಸಲ್ಲಿ ಆರ್‌ಟಿಐ ಹಾಕಿ ಗೊತ್ತಿರೋರಿಗೆ ಗೊತ್ತು, ಕೊಡಬಾರದು ಅನ್ನೋರಿಗೆ ಒಂದು ಪದ ಸಿಕ್ರೆ ಸಾಕು. ಮನೆ ಮಂಜೂರಾದವರ ಪಟ್ಟಿ, ನರೇಗಾ ಕೂಲಿ ಪಟ್ಟಿ, ಇವೆಲ್ಲಾ ಹೆಸರುಗಳ ಪಟ್ಟಿಗಳೇ. ಹಳ್ಳಿಯಲ್ಲಿ ಮೋಸ ಹಿಡಿದಿರೋದೆಲ್ಲಾ ಹೆಸರು ನೋಡಿನೇ. ಇಂಥ ತಿದ್ದುಪಡಿ ಅದರೊಳಗಿತ್ತು ಅಂತ ಆವತ್ತು ಸದನದಲ್ಲಿ ಕೂತಿದ್ದ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಗೊತ್ತಿದ್ದೇ ಹೌದು ಅಂದ್ರಾ? ಇದನ್ನ ಸಿಟ್ಟಿಂದ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳ್ತಿದೀನಿ.

ಅದೇ ವರ್ಷ ಡಿಸೆಂಬರ್‌ನಲ್ಲಿ 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಜೊತೆಗೆ ಇನ್ನೆರಡು. ಪೊಲೀಸ್ ಸ್ಟೇಷನ್ನು, ಕೋರ್ಟು, ಜೈಲು ಎಲ್ಲದರ ಬುಡವೇ ಬದಲಾಯ್ತು. ಇವು ಸ್ಥಾಯಿ ಸಮಿತಿಗೆ, ಅಂದ್ರೆ ಮಸೂದೆಗಳನ್ನ ಕೂತು ಪರಿಶೀಲಿಸೋ ಸಂಸದರ ಸಮಿತಿಗೆ, ಹೋಗಿ ಬಂದಿದ್ವು, ಅದನ್ನ ಒಪ್ಕೋತೀನಿ. ಆದ್ರೆ ಲೋಕಸಭೆಯಲ್ಲಿ ಪಾಸಾದ 20ನೇ ತಾರೀಖಿಗೆ ವಿರೋಧ ಪಕ್ಷದ ಬೆಂಚುಗಳು ಹೆಚ್ಚುಕಮ್ಮಿ ಖಾಲಿ ಇದ್ವು, ಆ ಅಧಿವೇಶನ ಮುಗಿಯೋ ಹೊತ್ತಿಗೆ ಎರಡೂ ಸದನ ಸೇರಿ 146 ಜನ ಸಸ್ಪೆಂಡ್ ಆಗಿದ್ರು. ಸಸ್ಪೆಂಡ್ ಆದವರ ಹೆಸರಿನ ಪಟ್ಟಿ ಇದೆ. ಒಪ್ಪಿಗೆ ಕೊಟ್ಟವರ ಹೆಸರಿನ ಪಟ್ಟಿ ಇಲ್ಲ.

ನೀವು ಏನು ಉತ್ತರ ಕೊಡ್ತೀರಾ ಅನ್ನೋದು ನನಗೆ ಗೊತ್ತಿದೆ, ಯಾಕಂದ್ರೆ ಆಫೀಸಲ್ಲಿ ಆ ಹುಡುಗ ಹೇಳಿದ್ದೂ ಅದನ್ನೇ. ವಿಪ್ ಇರುತ್ತೆ, ಪಾರ್ಟಿ ಹೇಳಿದ ಹಂಗೆ ಮಾಡ್ಬೇಕು, ಮಾಡದೇ ಇದ್ರೆ ಸದಸ್ಯತ್ವನೇ ಹೋಗುತ್ತೆ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿದಾಗಿಂದ ಹಂಗಿದೆ, ಸರಿ. ಆ ಕಾನೂನು ಬಂದಿದ್ದು ದುಡ್ಡಿಗೆ ಪಕ್ಷ ಬದಲಾಯಿಸೋದನ್ನ ತಡೆಯೋಕೆ. ಪ್ರತಿಯೊಂದು ಮಸೂದೆಗೂ ಅದನ್ನ ಹಾಕೋದು ಸರಿಯಲ್ಲ, ಸರ್ಕಾರ ಬೀಳೋ ಉಳಿಯೋ ವೋಟಿಗೆ ಮಾತ್ರ ಇಟ್ಕೊಳ್ಳಿ ಅಂತ 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳ್ತು, 1999ರಲ್ಲಿ ಕಾನೂನು ಆಯೋಗದ 170ನೇ ವರದಿನೂ ಇದೇ ಅರ್ಥದಲ್ಲಿ ಹೇಳ್ತು. ಯಾರೂ ಮಾಡ್ಲಿಲ್ಲ. ಆದ್ರೆ ನಾನು ಕೇಳ್ತಿರೋದು ವಿಪ್ ಮುರೀರಿ ಅಂತ ಅಲ್ಲವೇ ಅಲ್ಲ. ವಿಪ್ ನಿಮ್ಮ ಬಟನ್ ಯಾವುದು ಅಂತ ಹೇಳುತ್ತೆ, ಬಟನ್ ಒತ್ತಿದ್ದನ್ನ ಜನಕ್ಕೆ ಹೇಳ್ಬೇಡಿ ಅಂತ ಹೇಳಲ್ಲ. "ವಿಪ್ ಇತ್ತು, ಅದಕ್ಕೇ ಹೌದು ಅಂದೆ, ನನ್ನ ಅಭಿಪ್ರಾಯ ಪಕ್ಷದ ಒಳಗೆ ಹೇಳಿದೀನಿ" ಅಂತ ಒಂದು ಸಾಲು ಬರೆದ್ರೆ ನಾವು ಅರ್ಥ ಮಾಡ್ಕೋತೀವಿ. ಮನೆಯಲ್ಲಿ ಹಿರಿಯರ ಮಾತಿಗೆ ಕಟ್ಟುಬಿದ್ದು ಕೆಲಸ ಮಾಡೋದು ನಮಗೂ ಗೊತ್ತಿರೋದೇ. ಸ್ಥಾಯಿ ಸಮಿತಿಯಲ್ಲಂತೂ ವಿಪ್ ನಡೆಯಲ್ಲ, ಅಲ್ಲಿ ಮಾತಾಡಬಹುದು, ಭಿನ್ನಮತದ ಟಿಪ್ಪಣಿ ಬರೀಬಹುದು. ಸದನದಲ್ಲಿ ತಿದ್ದುಪಡಿ ಸೂಚನೆ ಕೊಡಬಹುದು. ಇಷ್ಟೆಲ್ಲಾ ಬಾಗಿಲು ತೆಗೆದಿರೋವಾಗ ವಿಪ್ ಅಂತ ಒಂದೇ ಮಾತಲ್ಲಿ ಮುಗಿಸೋದು ಬೇಡ.

ಇಲ್ಲಿ ಒಂದು ವಿಚಾರ ನೆನಪಿಗೆ ಬರುತ್ತೆ. ರಾಜ್ಯಸಭೆ ಚುನಾವಣೆಯಲ್ಲಿ ಎಂಎಲ್ಎಗಳು ವೋಟ್ ಹಾಕಿ ಬ್ಯಾಲೆಟ್ ಪೇಪರ್ನ ಪಕ್ಷದ ಏಜೆಂಟಿಗೆ ತೋರಿಸಲೇಬೇಕು ಅಂತ 2003ರಲ್ಲಿ ಕಾನೂನು ಮಾಡಿದ್ರು. ಪಕ್ಷಕ್ಕೆ ತೋರಿಸೋಕೆ ಕಾನೂನಿದೆ. ಆರಿಸಿ ಕಳಿಸಿದ ಜನಕ್ಕೆ ತೋರಿಸೋಕೆ ಇಲ್ಲ. ಗುಟ್ಟಾಗಿರ್ಬೇಕಾದ್ದು ನನ್ನ ವೋಟು, ಯಾರೂ ನನ್ನ ಹೆದರಿಸಬಾರದು ಅಂತ. ನೀವು ಹಾಕೋದು ನನ್ನ ಪರವಾಗಿ ಹಾಕೋ ವೋಟು, ಅದನ್ನ ನನ್ನಿಂದಲೇ ಮುಚ್ಚಿಡೋದಕ್ಕೆ ಯಾವ ಕಾರಣವೂ ನನಗೆ ಕಾಣ್ತಿಲ್ಲ.

ಟೈಮ್ ಇಲ್ಲ ಅನ್ನೋ ಮಾತನ್ನ ನಾನು ಒಪ್ಪಲ್ಲ. ಮೊದಲನೇ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕೂರ್ತಿತ್ತು, 17ನೇ ಲೋಕಸಭೆ 55 ದಿನ. ಐದು ವರ್ಷಕ್ಕೆ ಬರೀ 274 ದಿನ. ಆ ಅವಧಿಯಲ್ಲಿ ಲೋಕಸಭೆ ಪಾಸ್ ಮಾಡಿದ ಮಸೂದೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಮಸೂದೆಗೆ ಒಂದು ಗಂಟೆ ಚರ್ಚೆ ಕೂಡಾ ಆಗಿಲ್ಲ. ಮಂಡನೆ ಆಗಿ ಎರಡೇ ವಾರದೊಳಗೆ ಪಾಸಾಗಿದ್ದು ನೂರಕ್ಕೆ 58. ಸ್ಥಾಯಿ ಸಮಿತಿಗೆ ಹೋಗಿದ್ದು ನೂರಕ್ಕೆ 16, ಅದೇ 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಹೋಗಿದ್ವು. ಎರಡು ವಾರದಲ್ಲಿ ಒಂದು ಮಸೂದೆ ಓದಿ, ನಮ್ಮಂಥವರನ್ನ ಕೇಳಿ, ಯೋಚನೆ ಮಾಡಿ ವೋಟ್ ಹಾಕೋಕೆ ಯಾವ ಸಂಸದರಿಗೂ ಆಗಲ್ಲ, ಇದು ನಿಮ್ಮ ಮೇಲಿನ ದೂರಲ್ಲ, ನಿಮ್ಮ ಪರವಾಗಿ ಹೇಳ್ತಿರೋ ಮಾತು. ನಿಧಾನ ಮಾಡಿ, ಸಮಿತಿಗೆ ಕಳಿಸಿ ಅಂತ ಕೇಳೋ ಹಕ್ಕು ನಿಮಗಿದೆ, ಆಡಳಿತ ಪಕ್ಷದಲ್ಲಿ ಇದ್ರೂ ಇದೆ.

ಭಾಷೆ ವಿಷಯಕ್ಕೆ ಬರ್ತೀನಿ. ಮಸೂದೆಗಳು ಬರೋದು ಇಂಗ್ಲಿಷು ಮತ್ತೆ ಹಿಂದಿಯಲ್ಲಿ. ಕರಡನ್ನ ಕನಿಷ್ಠ 30 ದಿನ ಜನರ ಮುಂದೆ ಇಡ್ಬೇಕು ಅಂತ 2014ರಲ್ಲಿ ಕೇಂದ್ರ ಸರ್ಕಾರನೇ ಒಂದು ನೀತಿ ಮಾಡ್ಕೊಂಡಿದೆ, ಅದನ್ನ ಎಷ್ಟು ಸಲ ಪಾಲಿಸಿದ್ದಾರೆ ಅನ್ನೋದು ಬೇರೆ ಮಾತು, ಪಾಲಿಸಿದ್ರೂ ಕನ್ನಡದಲ್ಲಿ ಸಿಗಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಬಂದಾಗ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರೋ ಎಲ್ಲಾ ಭಾಷೆಗೂ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟು ಹೇಳ್ಬೇಕಾಯ್ತು. ಪ್ರತಿ ಸಲ ಯಾರಾದ್ರೂ ಕೋರ್ಟಿಗೆ ಹೋಗೋಕಾಗುತ್ತಾ? ನೀವು ಕನ್ನಡದಲ್ಲೇ ಪ್ರಮಾಣ ವಚನ ತಗೊಂಡಾಗ ನಮಗೆಲ್ಲಾ ಎಷ್ಟು ಖುಷಿ ಆಗಿತ್ತು, ಆ ವಿಡಿಯೋ ಹಳ್ಳಿ ಹಳ್ಳಿಗೆ ಓಡಾಡಿತ್ತು. ಅದೇ ಕನ್ನಡದಲ್ಲಿ ಮಸೂದೆ ಏನು ಹೇಳುತ್ತೆ ಅಂತ ಎರಡು ಪುಟ ಬರೆಸಿದ್ರೆ ನಾವು ಓದ್ತೀವಿ, ನಂಬಿ. ಹಾಲಿನ ಸಂಘದ ಬೈಲಾ ಓದಿ ಕಲಮು ಕಲಮಿಗೆ ಜಗಳ ಆಡೋ ಜನ ನಾವು.

ನಿಮ್ಮಿಂದ ಆಗಲ್ಲ ಅಂತ ನನಗೆ ಅನ್ನಿಸಿದ್ರೆ ಈ ಪತ್ರನೇ ಬರೀತಿರ್ಲಿಲ್ಲ. 371ಜೆ ವಿಧಿ ನೋಡಿ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕು ಅಂತ ಎಷ್ಟು ವರ್ಷ ಹೋರಾಟ ನಡೀತು, ವೈಜನಾಥ ಪಾಟೀಲರಂಥವರು ಬೀದಿಯಲ್ಲಿ, ಧರ್ಮಸಿಂಗ್, ಖರ್ಗೆ ಅವರಂಥವರು ದೆಹಲಿಯಲ್ಲಿ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನ ಪಾಸ್ ಮಾಡ್ತು, 98ನೇ ತಿದ್ದುಪಡಿ ಆಯ್ತು. ಇವತ್ತು ಕಲಬುರಗಿ, ರಾಯಚೂರು, ಯಾದಗಿರಿ ಕಡೆ ಮಕ್ಕಳಿಗೆ ಮೆಡಿಕಲ್ ಸೀಟು ಸಿಗೋದ್ರಲ್ಲಿ, ನೌಕರಿ ಸಿಗೋದ್ರಲ್ಲಿ ಆ ಒಂದು ಮಸೂದೆಯ ಪಾಲಿದೆ. ಅದಕ್ಕೆ ಬೆಂಬಲ ಕೊಟ್ಟವರ ಹೆಸರು ಜನ ಇವತ್ತಿಗೂ ಹೇಳ್ತಾರೆ. ಯಾವ ಬಸ್ ಶೆಲ್ಟರಿಗೂ ಅಷ್ಟು ಆಯಸ್ಸಿಲ್ಲ.

ಖಾಸಗಿ ಸದಸ್ಯರ ಮಸೂದೆ ಅಂತ ಒಂದಿದೆ, ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ ಹೊತ್ತು ಅದಕ್ಕೇ ಮೀಸಲು. ಮಂತ್ರಿ ಆಗದೇನೇ ಕಾನೂನು ಪ್ರಸ್ತಾಪ ಮಾಡೋಕೆ ನಿಮಗಿರೋ ದಾರಿ ಅದು. ಸ್ವಾತಂತ್ರ್ಯ ಬಂದಾಗಿಂದ ಹಂಗೆ ಪಾಸಾಗಿ ಕಾನೂನು ಆಗಿದ್ದು 14 ಮಾತ್ರ, ಕೊನೆಯದ್ದು 1970ರಲ್ಲಿ, ಆದ್ರಿಂದ ಏನು ಪ್ರಯೋಜನ ಅಂತ ನಿಮಗೆ ಅನ್ನಿಸಬಹುದು. 2015ರ ಏಪ್ರಿಲ್ 24ಕ್ಕೆ ಡಿಎಂಕೆ ಸಂಸದ ತಿರುಚಿ ಶಿವಾ ಅವರು ತಂದಿದ್ದ ತೃತೀಯ ಲಿಂಗಿಗಳ ಹಕ್ಕಿನ ಮಸೂದೆ ರಾಜ್ಯಸಭೆಯಲ್ಲಿ ಪಾಸಾಯ್ತು, ಲೋಕಸಭೆಯಲ್ಲಿ ಆಗ್ಲಿಲ್ಲ, ಆದ್ರೆ ಅದಾದ ಮೇಲೆ ಸರ್ಕಾರನೇ ತನ್ನದೊಂದು ಮಸೂದೆ ತರ್ಬೇಕಾಯ್ತು, 2019ರಲ್ಲಿ ಕಾನೂನೂ ಆಯ್ತು. ಆ ಕಾನೂನಲ್ಲಿ ಕೊರತೆ ಇದೆ ಅಂತ ಆ ಸಮುದಾಯದವರೇ ಹೇಳ್ತಾರೆ, ಇರಬಹುದು. ಅಡಿಕೆ, ಕೊಬ್ಬರಿ, ಬರದ ಪರಿಹಾರ, ಬ್ಯಾಂಕ್ ಪರೀಕ್ಷೆಯಲ್ಲಿ ಕನ್ನಡ, ಇವುಗಳ ಬಗ್ಗೆ ಸ್ಟೇಜ್ ಮೇಲೆ ನೀವು ಮಾತಾಡಿದ್ದನ್ನ ಕೇಳಿದೀನಿ. ಅದನ್ನೇ ಮಸೂದೆ ಮಾಡಿ ಶುಕ್ರವಾರ ಇಡಿ, ಬಿದ್ದೋದ್ರೂ ಪರವಾಗಿಲ್ಲ, ನಿಮ್ಮ ಹೆಸರಲ್ಲಿ ಅಚ್ಚಾಗಿರುತ್ತೆ.

ಈಗ ನನ್ನ ಬೇಡಿಕೆ. ಮುಂದಿನ ಅಧಿವೇಶನ ಶುರುವಾಗೋ ಮುಂಚೆ, ಯಾವ ಯಾವ ಮಸೂದೆ ಬರ್ತಿದೆ ಅಂತ ಸರ್ಕಾರ ಕೊಡೋ ಪಟ್ಟಿ ನಿಮ್ಮ ಕೈ ಸೇರುತ್ತಲ್ಲ, ಅದನ್ನ ಕನ್ನಡದಲ್ಲಿ ಹಾಕಿ, ನಮ್ಮ ಕ್ಷೇತ್ರಕ್ಕೆ ಸಂಬಂಧ ಇರೋ ಒಂದೆರಡು ಮಸೂದೆಯ ಬಗ್ಗೆ ಜಿಲ್ಲಾ ಕೇಂದ್ರದಲ್ಲಿ ಒಂದು ಸಭೆ ಕರೀರಿ, ಕೇಂದ್ರದ ಯೋಜನೆಗಳನ್ನ ಪರಿಶೀಲಿಸೋ ದಿಶಾ ಸಭೆಗೆ ಬರ್ತೀರಲ್ಲ ಅದರ ಮಾರನೇ ದಿನ ಆದ್ರೂ ಸರಿ. ಜನರ ಜೀವನ ಬದಲಾಯಿಸೋ ಮಸೂದೆ ಬಂದಾಗ, ನೀವು ಪರ ಇದ್ರೂ ವಿರೋಧ ಇದ್ರೂ, ನಿಮ್ಮ ಸೀಟಲ್ಲಿ ಕೂತೇ ಡಿವಿಷನ್ ಕೇಳಿ. ಗೆಲ್ಲೋದು ಗ್ಯಾರಂಟಿ ಇದ್ದಾಗ ಕೇಳೋದ್ರಲ್ಲಿ ಏನೂ ನಷ್ಟ ಇಲ್ಲ. ಅಧಿವೇಶನ ಮುಗಿದು ಹದಿನೈದು ದಿನದೊಳಗೆ ಒಂದೇ ಒಂದು ಹಾಳೆ ಕೊಡಿ. ಮಸೂದೆ ಹೆಸರು, ಪಾಸಾದ ದಿನ ನೀವು ಸದನದಲ್ಲಿ ಇದ್ರೋ ಇಲ್ವೋ, ಒಪ್ಪಿಗೆ ಕೊಟ್ರೋ ಇಲ್ವೋ, ಯಾಕೆ. ಧ್ವನಿಮತ ಆಗಿದ್ರೆ ನೀವು ಏನಂದ್ರಿ ಅಂತ ನೀವೇ ಬರೀರಿ, ನಾವು ನಂಬ್ತೀವಿ. ಅದನ್ನ ನಿಮ್ಮ ಪೇಜಲ್ಲಿ ಹಾಕಿ, ಒಂದು ಪ್ರತಿ ಪ್ರತಿ ಗ್ರಾಮ ಪಂಚಾಯ್ತಿ ನೋಟಿಸ್ ಬೋರ್ಡಿಗೆ ಕಳಿಸಿ.

ಇದಕ್ಕೆ ಹೊಸ ಕಾನೂನು ಬೇಡ, ಸ್ಪೀಕರ್ ಪರ್ಮಿಷನ್ ಬೇಡ, ದುಡ್ಡು ಬೇಡ. ನಿಮ್ಮಲ್ಲಿ ಒಬ್ಬರು ಶುರು ಮಾಡಿದ್ರೆ ಸಾಕು, ಉಳಿದವರ ಹತ್ರ ಅವರವರ ಕಡೆಯ ಜನ ಹೋಗಿ ಕೇಳ್ತಾರೆ.

2023ರ ಜುಲೈ 26ಕ್ಕೆ ಸದನದಲ್ಲಿದ್ದು ಈಗಲೂ ಸಂಸದರಾಗಿ ಇರೋರು ನಿಮ್ಮಲ್ಲಿ ಕೆಲವರಿದ್ದೀರಾ. ಹಳೇ ವಿಷಯ ಅಂತ ಬಿಡಬೇಡಿ, ಅರಣ್ಯ ಕಾಯ್ದೆಯ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, 2024ರ ಫೆಬ್ರವರಿಯಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟು ಸದ್ಯಕ್ಕೆ 1996ರ ಹಳೇ ಅರ್ಥನೇ ಪಾಲಿಸಿ ಅಂತ ಹೇಳ್ತು. ಆವತ್ತು ನೀವು ಹೌದು ಅಂದ್ರಾ ಇಲ್ಲ ಅಂದ್ರಾ, ಒಂದು ಪೋಸ್ಟ್ ಕಾರ್ಡಲ್ಲಿ ಬರೆದು ತಿಳಿಸಿದ್ರೂ ಸಾಕು. ನಿಮ್ಮ ಆಫೀಸಿನ ರಿಜಿಸ್ಟರ್‌ನಲ್ಲಿ ನನ್ನ ಹೆಸರು, ವಿಳಾಸ ಬರೆಸ್ಕೊಂಡಿದ್ದಾರೆ, ಆ ಹುಡುಗನ ಹತ್ರ ಇರುತ್ತೆ.

ಉತ್ತರಕ್ಕೆ ಕಾಯ್ತಿರ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ಹಾಲಿನ ಸಂಘದ ಒಬ್ಬ ಮಾಜಿ ಕಾರ್ಯದರ್ಶಿ